ಫೈಲಿನಲ್ಲಿ ಬರೆದರೂ ಬದಲಾಗದ ಮೌಲ್ಯ: ಲಿನಕ್ಸ್ ಕರ್ನೆಲ್ ಮಾಡ್ಯೂಲ್ ಸೆಟ್ಟಿಂಗ್‌ಗಳಿಗೆ ಕಮಾಂಡ್ ಲೈನ್ ಮಾರ್ಗದರ್ಶಿ

ಲಿನಕ್ಸ್‌ನಲ್ಲಿ ಮಾಡ್ಯೂಲಿನ (ಕರ್ನೆಲ್ ಎಂಬ ತಿರುಳಿಗೆ ಸೇರುವ, ಡ್ರೈವರಿನಂಥ ಕೋಡಿನ ತುಂಡು) ಪ್ಯಾರಾಮೀಟರ್, ಅಂದರೆ ಅದರ ನಡವಳಿಕೆಯ ಸೆಟ್ಟಿಂಗ್, ಬದಲಿಸಲು ಹೊರಟವರು ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಫೈಲಿನಲ್ಲಿ ಸಾಲು ಬರೆದಿರುತ್ತಾರೆ, ರೀಬೂಟ್ ಮಾಡಿರುತ್ತಾರೆ, ಮೌಲ್ಯ ಮಾತ್ರ ಹಳೆಯದೇ ಉಳಿದಿರುತ್ತದೆ. ಸಾಲಿನ ಕಾಗುಣಿತವನ್ನು ಹತ್ತು ಸಲ ನೋಡುತ್ತಾರೆ. ತಪ್ಪು ಅಲ್ಲಿರುವುದಿಲ್ಲ. ಆ ಫೈಲನ್ನು ಓದುವ ಸರದಿ ಬರುವ ಮೊದಲೇ ಮಾಡ್ಯೂಲ್ ಲೋಡ್ ಆಗಿ ಮುಗಿದಿರುತ್ತದೆ, ಇಲ್ಲವೇ ಆ ಫೈಲನ್ನು ಓದುವವರೇ ಇರುವುದಿಲ್ಲ.

ಹಾಗಾಗಿ ಏನು ಬರೆಯಬೇಕು ಎಂಬುದಕ್ಕಿಂತ ಮೊದಲು, ಈ ಮಾಡ್ಯೂಲನ್ನು ಯಾರು, ಯಾವ ಹೊತ್ತಿಗೆ ಲೋಡ್ ಮಾಡುತ್ತಾರೆ ಎಂದು ತಿಳಿಯಬೇಕು. ಕೆಳಗಿನ ಹಂತಗಳ ಕ್ರಮ ಇದಕ್ಕಾಗಿಯೇ ಹೀಗಿದೆ. ಐದನೆಯ ಹಂತದಿಂದ ಶುರು ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ತಡೆದುಕೊಳ್ಳಿ.

ಒಂದು ಸೂಚನೆ: ಕಮಾಂಡುಗಳನ್ನೂ ಫೈಲಿನ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇನೆ, ಉಳಿದೆಲ್ಲ ಸಣ್ಣಕ್ಷರ. ಅಡಿಗೆರೆ, ಓರೆಗೆರೆ, ಬಿಂದು, ಖಾಲಿ ಜಾಗ ಇದ್ದಲ್ಲಿ ಇದ್ದಂತೆಯೇ ಬರಬೇಕು.

## ಕೈಯಲ್ಲಿ ಇರಬೇಕಾದವು

ಸುಡೂ ಅಧಿಕಾರವಿರುವ (ನಿರ್ವಾಹಕನಾಗಿ ಕಮಾಂಡ್ ಓಡಿಸಬಲ್ಲ) ಖಾತೆ, ಒಂದು ಪಠ್ಯ ಸಂಪಾದಕ, ಮತ್ತು ಎಲ್‌ಎಸ್‌ಮಾಡ್, ಮಾಡ್‌ಇನ್ಫೋ, ಮಾಡ್‌ಪ್ರೋಬ್ ಎಂಬ ಮೂರು ಕಮಾಂಡುಗಳು. ಈ ಮೂರೂ ಕೆಮಾಡ್ ಎಂಬ ಪ್ಯಾಕೇಜಿನಲ್ಲಿ ಬರುತ್ತವೆ, ಸಾಮಾನ್ಯವಾಗಿ ಮೊದಲೇ ಇರುತ್ತವೆ. ಇವುಗಳ ಜೊತೆಗೆ ಇನ್ನೊಂದು ಬೇಕು: ಕೆಲಸ ಕೆಟ್ಟರೆ ಯಂತ್ರದ ಮುಂದೆ ಕೂರುವ ದಾರಿ. ಅದು ದೂರದ ಸರ್ವರ್ ಆಗಿದ್ದರೆ ಕನ್ಸೋಲ್ ಪ್ರವೇಶ ಕೆಲಸ ಮಾಡುತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇದನ್ನು ಎಚ್ಚರಿಕೆಗಾಗಿ ಹೇಳುತ್ತಿಲ್ಲ, ಪೆಟ್ಟು ತಿಂದು ಹೇಳುತ್ತಿದ್ದೇನೆ. ಕಥೆ ನಾಲ್ಕನೆಯ ಹಂತದಲ್ಲಿದೆ.

ಉದಾಹರಣೆಗೆ ಧ್ವನಿ ಮಾಡ್ಯೂಲ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಅನ್ನೂ ಅದರ ಪವರ್_ಸೇವ್ ಪ್ಯಾರಾಮೀಟರನ್ನೂ ತೆಗೆದುಕೊಳ್ಳುತ್ತೇನೆ. ಎಷ್ಟು ಸೆಕೆಂಡ್ ಸುಮ್ಮನಿದ್ದರೆ ಧ್ವನಿ ಯಂತ್ರಾಂಶ ಮಲಗಬೇಕು ಎಂಬುದು ಅದರ ಅರ್ಥ. 0 ಎಂದರೆ ಮಲಗಲೇಬಾರದು. ಹಾಡು ಶುರುವಾಗುವಾಗ ಸ್ಪೀಕರ್ ಟಪ್ ಎನ್ನುವ ಕಾಟಕ್ಕೆ ಜನ ಮೊದಲು ಮುಟ್ಟುವ ಪ್ಯಾರಾಮೀಟರ್ ಇದೇ.

## ಹಂತ 1: ಸರಿಯಾದ ಮಾಡ್ಯೂಲನ್ನು ಗುರುತಿಸಿ

ಊಹೆಯಿಂದ ಹೆಸರು ಹಾಕಬೇಡಿ. ಪಿಸಿಐ ಸಾಧನವಾದರೆ ಹೀಗೆ ಕೇಳಿ:

ಎಲ್‌ಎಸ್‌ಪಿಸಿಐ -ಕೆ

ಪ್ರತಿ ಸಾಧನದ ಕೆಳಗೆ ಎರಡು ಸಾಲುಗಳಿರುತ್ತವೆ. ಈಗ ಬಳಕೆಯಲ್ಲಿರುವ ಡ್ರೈವರ್ ಯಾವುದು ಎಂದು ಒಂದು ಹೇಳುತ್ತದೆ, ಈ ಸಾಧನಕ್ಕೆ ಹೊಂದುವ ಮಾಡ್ಯೂಲುಗಳು ಯಾವುವು ಎಂದು ಇನ್ನೊಂದು. ಎರಡನೆಯ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಹೆಸರಿದ್ದರೆ ಅಲ್ಲೇ ನಿಲ್ಲಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಧ್ವನಿ ಸಾಧನದ ಎದುರು ನಮ್ಮ ಉದಾಹರಣೆಯ ಮಾಡ್ಯೂಲ್ ಇದ್ದೂ, ನಿಜವಾಗಿ ದುಡಿಯುತ್ತಿರುವುದು ಎಸ್‌ಒಎಫ್ (ಸೌಂಡ್ ಓಪನ್ ಫರ್ಮ್‌ವೇರ್) ಬಳಗದ ಬೇರೊಂದು ಡ್ರೈವರ್ ಆಗಿರಬಹುದು. ಕೆಲಸದಲ್ಲಿಲ್ಲದ ಮಾಡ್ಯೂಲಿಗೆ ಎಷ್ಟು ಚೆನ್ನಾಗಿ ಸೆಟ್ಟಿಂಗ್ ಬರೆದರೂ ಏನೂ ಆಗುವುದಿಲ್ಲ, ದೋಷ ಸಂದೇಶವೂ ಬರುವುದಿಲ್ಲ.

ಹೆಸರು ಸಿಕ್ಕ ಮೇಲೆ:

ಎಲ್‌ಎಸ್‌ಮಾಡ್ | ಗ್ರೆಪ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್

ಪಟ್ಟಿಯಲ್ಲಿ ಬಂದರೆ ಅದು ಬೇಕೆಂದಾಗ ಲೋಡ್ ಆಗುವ ಮಾಡ್ಯೂಲ್. ಬರದೆ, /ಸಿಸ್/ಮಾಡ್ಯೂಲ್/ ಒಳಗೆ ಮಾತ್ರ ಅದರ ಹೆಸರಿನ ಡೈರೆಕ್ಟರಿ ಇದ್ದರೆ ಅದು ಕರ್ನೆಲಿನೊಳಗೇ ಬೆಸೆದುಕೊಂಡಿದೆ. ಖಚಿತಪಡಿಸಿಕೊಳ್ಳಲು ಮಾಡ್‌ಇನ್ಫೋ ಕೊಟ್ಟು ಫೈಲಿನ ಹೆಸರಿನ ಸಾಲು ನೋಡಿ: ಬೆಸೆದದ್ದಾದರೆ ಹಾದಿಯ ಬದಲು ಬಿಲ್ಟ್‌ಇನ್ ಎಂದಿರುತ್ತದೆ. ಹಾಗಿದ್ದವರು 2 ಮತ್ತು 3ನೆಯ ಹಂತ ಮುಗಿಸಿ ನೇರವಾಗಿ 7ಕ್ಕೆ ಹೋಗಿ. ನಡುವಿನದು ನಿಮಗೆ ಅನ್ವಯಿಸುವುದಿಲ್ಲ.

ಹೆಸರಿನಲ್ಲಿ ಅಡ್ಡಗೆರೆಯೋ ಅಡಿಗೆರೆಯೋ ಎಂಬ ಗೊಂದಲವೂ ಇದೆ. ಮಾಡ್‌ಪ್ರೋಬ್‌ಗೆ ಎರಡೂ ಒಂದೇ. ಆದರೆ /ಸಿಸ್ ಅಡಿಯ ಹಾದಿಗಳಲ್ಲೂ ಎಲ್‌ಎಸ್‌ಮಾಡ್ ಪಟ್ಟಿಯಲ್ಲೂ ಅಡಿಗೆರೆ ಮಾತ್ರ. ಎಲ್ಲ ಕಡೆ ಅಡಿಗೆರೆಯನ್ನೇ ಬಳಸಿದರೆ ತಲೆನೋವಿಲ್ಲ.

## ಹಂತ 2: ಏನೇನು ಬದಲಿಸಬಹುದು, ಈಗ ಏನಿದೆ

ಮಾಡ್‌ಇನ್ಫೋ -ಪಿ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್

ಇದು ಪ್ಯಾರಾಮೀಟರುಗಳ ಹೆಸರು, ಒಂದು ಸಾಲಿನ ವಿವರಣೆ, ಆವರಣದಲ್ಲಿ ಮೌಲ್ಯದ ಬಗೆ ಇವನ್ನು ತೋರಿಸುತ್ತದೆ. ಬಗೆಯನ್ನು ಓದದೆ ಮುಂದೆ ಹೋಗಬೇಡಿ. ಬೂಲ್ ಎಂದಿದ್ದರೆ ಹೌದು ಅಥವಾ ಇಲ್ಲ; ಇಂಟ್ ಎಂದಿದ್ದರೆ ಪೂರ್ಣಾಂಕ; ಅರೇ ಎಂದಿದ್ದರೆ ಅಲ್ಪವಿರಾಮದಿಂದ ಬೇರ್ಪಟ್ಟ, ನಡುವೆ ಖಾಲಿ ಜಾಗವಿಲ್ಲದ ಪಟ್ಟಿ. ಏಕಮಾನವನ್ನೂ ವಿವರಣೆಯಲ್ಲಿ ಹುಡುಕಿ. ಜೆಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯ ಮಾಡ್ಯೂಲಿನಲ್ಲಿ ಕ್ಯಾಶ್ ಮೆಮೊರಿಯ ಮಿತಿ ಹೇಳುವ ಜೆಡ್‌ಎಫ್‌ಎಸ್_ಎಆರ್‌ಸಿ_ಮ್ಯಾಕ್ಸ್ ಬೈಟ್‌ಗಳಲ್ಲಿರುತ್ತದೆ. 8 ಗಿಗಾಬೈಟ್ ಬೇಕೆಂದು 8 ಎಂದು ಬರೆದರೆ ಎಂಟು ಬೈಟ್ ಎಂದೇ ಅರ್ಥ, ಬೇಕಾದದ್ದು 8589934592.

ಈಗಿನ ಮೌಲ್ಯಗಳನ್ನೆಲ್ಲ ಒಟ್ಟಿಗೆ ನೋಡಲು:

ಸುಡೂ ಗ್ರೆಪ್ -ಎಚ್ '' /ಸಿಸ್/ಮಾಡ್ಯೂಲ್/ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್/ಪ್ಯಾರಾಮೀಟರ್ಸ್/*

ಇಲ್ಲಿ ಎಚ್ ದೊಡ್ಡಕ್ಷರ, ಮುಂದಿನದು ಏನೂ ಇಲ್ಲದ ಉದ್ಧರಣ ಚಿಹ್ನೆಗಳ ಜೋಡಿ. ಹೊರಬಂದದ್ದನ್ನು ಮನೆ ಡೈರೆಕ್ಟರಿಯ ಒಂದು ಫೈಲಿಗೆ ಉಳಿಸಿಟ್ಟುಕೊಳ್ಳಿ. ಮೂಲ ಮೌಲ್ಯ ಎಷ್ಟಿತ್ತು ಎಂಬ ಪ್ರಶ್ನೆ ಬರುವುದು ಅದು ಮರೆತುಹೋದ ಮೇಲೆಯೇ.

ಮಾಡ್‌ಇನ್ಫೋ ತೋರಿಸಿದ ಒಂದು ಹೆಸರು ಈ ಡೈರೆಕ್ಟರಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಕೆಲವು ಪ್ಯಾರಾಮೀಟರುಗಳನ್ನು ಡ್ರೈವರ್ ಬರೆದವರು ಹೊರಗೆ ಕಾಣದಂತೆ ಇಟ್ಟಿರುತ್ತಾರೆ. ಅವುಗಳನ್ನು ಲೋಡ್ ಮಾಡುವಾಗ ಕೊಡಬಹುದು, ಆಮೇಲೆ ಓದಿ ನೋಡಲಾಗದು.

## ಹಂತ 3: ಓಡುತ್ತಿರುವಾಗಲೇ ಪರೀಕ್ಷಿಸಿ

ಅದೇ ಡೈರೆಕ್ಟರಿಯಲ್ಲಿ ಎಲ್‌ಎಸ್ -ಎಲ್ ಕೊಟ್ಟು ಅನುಮತಿ ನೋಡಿ. ರೂಟ್ ಎಂಬ ನಿರ್ವಾಹಕ ಬಳಕೆದಾರನಿಗೆ ಬರೆಯುವ ಅನುಮತಿ ಇದ್ದರೆ ಮಾಡ್ಯೂಲನ್ನು ಮುಟ್ಟದೆಯೇ ಹೊಸ ಮೌಲ್ಯ ಹಾಕಿ ನೋಡಬಹುದು. ಪವರ್_ಸೇವ್‌ಗೆ ಆ ಅನುಮತಿ ಇದೆ.

ಇಲ್ಲಿ ಬಹಳ ಮಂದಿ ಎಕೋ ಮುಂದೆ ಸುಡೂ ಹಾಕಿ, ಬಾಣದ ಗುರುತಿನಿಂದ ಫೈಲಿಗೆ ತಿರುಗಿಸುತ್ತಾರೆ. ಅನುಮತಿ ಇಲ್ಲ ಎಂಬ ಉತ್ತರ ಬರುತ್ತದೆ. ಸುಡೂ ಅಧಿಕಾರ ಸಿಗುವುದು ಎಕೋಗೆ ಮಾತ್ರ. ಫೈಲನ್ನು ತೆರೆಯುವುದು ನಿಮ್ಮದೇ ಶೆಲ್, ಅದಕ್ಕೆ ಆ ಅಧಿಕಾರವಿಲ್ಲ. ಸರಿಯಾದ ರೂಪ:

ಎಕೋ 0 | ಸುಡೂ ಟೀ /ಸಿಸ್/ಮಾಡ್ಯೂಲ್/ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್/ಪ್ಯಾರಾಮೀಟರ್ಸ್/ಪವರ್_ಸೇವ್

ಆಮೇಲೆ ಕ್ಯಾಟ್‌ನಿಂದ ಓದಿ ನೋಡಿ. ಮೌಲ್ಯ ಬದಲಾದರೂ ನಡವಳಿಕೆ ಬದಲಾಗದೆ ಇರಬಹುದು. ಕೆಲವು ಡ್ರೈವರುಗಳು ಪ್ಯಾರಾಮೀಟರನ್ನು ಹುಟ್ಟುವಾಗ ಒಮ್ಮೆ ಓದುತ್ತವೆ, ಮತ್ತೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಆಗ ನಾಲ್ಕನೆಯ ಹಂತ ಬೇಕು. ನಡವಳಿಕೆಯೂ ಬದಲಾದರೆ ಅರ್ಧ ದಿನ ಹಾಗೇ ಬಳಸಿ ನೋಡಿ. ಈ ಬದಲಾವಣೆ ರೀಬೂಟ್ ಆದೊಡನೆ ಮಾಯವಾಗುತ್ತದೆ. ಪರೀಕ್ಷೆಗೆ ಇದು ಇಷ್ಟು ಒಳ್ಳೆಯದಾಗಿರುವುದು ಅದರಿಂದಲೇ.

## ಹಂತ 4: ಇಳಿಸಿ, ಹೊಸ ಮೌಲ್ಯದೊಂದಿಗೆ ಮತ್ತೆ ಏರಿಸಿ

ಓದಲು ಮಾತ್ರ ಅನುಮತಿಯಿರುವ ಪ್ಯಾರಾಮೀಟರಿಗೆ ಇದೇ ದಾರಿ.

ಸುಡೂ ಮಾಡ್‌ಪ್ರೋಬ್ -ಆರ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್

ಸುಡೂ ಮಾಡ್‌ಪ್ರೋಬ್ --ಫಸ್ಟ್-ಟೈಮ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಪವರ್_ಸೇವ್=0

ಆ ಫಸ್ಟ್-ಟೈಮ್ ಯಾಕೆ? ಮಾಡ್ಯೂಲ್ ಈಗಾಗಲೇ ಲೋಡ್ ಆಗಿದ್ದರೆ ಮಾಡ್‌ಪ್ರೋಬ್ ಏನೂ ಮಾಡದೆ, ಏನೂ ಹೇಳದೆ, ಯಶಸ್ವಿಯಾದಂತೆ ಹಿಂದಿರುಗುತ್ತದೆ. ನೀವು ಕೊಟ್ಟ ಮೌಲ್ಯ ಗಾಳಿಗೆ ಹೋಗಿರುತ್ತದೆ. ಈ ಆಯ್ಕೆ ಹಾಕಿದರೆ, ಮೊದಲೇ ಲೋಡ್ ಆಗಿದೆ ಎಂದು ಅದು ಗದರುತ್ತದೆ. ಮಾಡ್‌ಪ್ರೋಬ್ ಮೌನವಾಗಿದ್ದರೆ ಕೆಲಸವಾಯಿತು ಎಂದುಕೊಳ್ಳುವುದು ಈ ಇಡೀ ವಿಷಯದಲ್ಲಿ ಎರಡನೆಯ ದೊಡ್ಡ ತಪ್ಪು.

ಇಳಿಸುವಾಗ, ಬಳಕೆಯಲ್ಲಿದೆ ಎಂಬ ದೋಷ ಬಂದರೆ ಎಲ್‌ಎಸ್‌ಮಾಡ್ ಪಟ್ಟಿಯ ಕೊನೆಯ ಅಂಕಣ ನೋಡಿ. ಅಲ್ಲಿ ಬೇರೆ ಮಾಡ್ಯೂಲಿನ ಹೆಸರಿದ್ದರೆ ಅದನ್ನು ಮೊದಲು ಇಳಿಸಬೇಕು. ಬರಿಯ ಸಂಖ್ಯೆಯಿದ್ದು ಹೆಸರಿಲ್ಲದಿದ್ದರೆ ಸಾಮಾನ್ಯವಾಗಿ ಯಾವುದೋ ಪ್ರೋಗ್ರಾಂ ಸಾಧನವನ್ನು ಹಿಡಿದುಕೊಂಡಿದೆ. ಧ್ವನಿಯ ವಿಷಯದಲ್ಲಿ ಅದು ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೋ ಆಗಿರುತ್ತದೆ. ಸುಡೂ ಫ್ಯೂಸರ್ -ವಿ /ಡೆವ್/ಎಸ್‌ಎನ್‌ಡಿ/* ಎಂದರೆ ಹೆಸರು ಸಿಗುತ್ತದೆ. ಅದನ್ನು ನಿಲ್ಲಿಸಿ ಮುಂದುವರಿಯಿರಿ. ಆರ್‌ಎಂಮಾಡ್‌ಗೆ ಬಲವಂತದ ಆಯ್ಕೆಯೊಂದಿದೆ. ಅದನ್ನು ಮುಟ್ಟಬೇಡಿ. ಅರ್ಧ ಬಳಕೆಯಲ್ಲಿರುವ ಕೋಡನ್ನು ಕರ್ನೆಲಿನ ಕೈಯಿಂದ ಕಿತ್ತರೆ ಯಂತ್ರ ಅಲ್ಲೇ ಹೆಪ್ಪುಗಟ್ಟಬಹುದು.

ಇನ್‌ಸ್ಮಾಡ್ ಎಂಬ ಇನ್ನೊಂದು ಕಮಾಂಡನ್ನೂ ಇಲ್ಲಿ ಬಳಸಬೇಡಿ. ಅದು ಅವಲಂಬನೆಗಳನ್ನು ಹುಡುಕುವುದಿಲ್ಲ, ಸೆಟ್ಟಿಂಗ್ ಫೈಲುಗಳನ್ನೂ ಓದುವುದಿಲ್ಲ. ಅದರಿಂದ ಮಾಡಿದ ಪರೀಕ್ಷೆ ಮುಂದಿನ ಹಂತದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇನ್ನು ಆ ಕಥೆ. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರಿನಲ್ಲಿ ಕುಳಿತು ನೆಟ್‌ವರ್ಕ್ ಕಾರ್ಡಿನ ಮಾಡ್ಯೂಲನ್ನು ಇಳಿಸಿದೆ. ಏರಿಸುವ ಕಮಾಂಡನ್ನು ಮುಂದಿನ ಸಾಲಿನಲ್ಲಿ ಟೈಪ್ ಮಾಡುವ ಯೋಚನೆಯಿತ್ತು. ಟೈಪ್ ಮಾಡಲು ಸಂಪರ್ಕವೇ ಇರಲಿಲ್ಲ. ಕೂತ ಕೊಂಬೆಯನ್ನು ಕಡಿಯುವುದು ಎಂದರೆ ಇದೇ. ಎರಡೂ ಕಮಾಂಡುಗಳನ್ನು ಅರ್ಧವಿರಾಮದಿಂದ ಜೋಡಿಸಿ, ಒಂದೇ ಸುಡೂ ಎಸ್‌ಎಚ್ -ಸಿ ಸಾಲಿನಲ್ಲಿ, ಟಿಮಕ್ಸ್‌ನಂಥ ಅಧಿವೇಶನದೊಳಗಿಂದ ಓಡಿಸಿ. ಸಂಪರ್ಕ ಕಡಿದರೂ ಎರಡನೆಯ ಅರ್ಧ ಅಲ್ಲಿ ತಾನಾಗಿ ನಡೆಯುತ್ತದೆ. ಡಿಸ್ಕಿನ ಮಾಡ್ಯೂಲ್ ಆದರೆ ಈ ಹಂತವನ್ನೇ ಬಿಡಿ. ರೂಟ್ ಕಡತವ್ಯವಸ್ಥೆ (ಇಡೀ ಸಿಸ್ಟಂ ಇರುವ ಮುಖ್ಯ ಕಡತವ್ಯವಸ್ಥೆ) ಅದರ ಮೇಲೆ ನಿಂತಿರುವಾಗ ಅದನ್ನು ಇಳಿಸಲಾಗದು.

## ಹಂತ 5: ಶಾಶ್ವತವಾಗಿ ಬರೆಯಿರಿ

ಪರೀಕ್ಷೆ ಗೆದ್ದ ಮೌಲ್ಯ ಈಗ ಫೈಲಿಗೆ ಹೋಗುತ್ತದೆ. /ಇಟಿಸಿ/ಮಾಡ್‌ಪ್ರೋಬ್.ಡಿ/ ಡೈರೆಕ್ಟರಿಯಲ್ಲಿ ಹೊಸ ಫೈಲ್ ಮಾಡಿ. ಹೆಸರು ಏನಾದರೂ ಇರಲಿ, ಕೊನೆ ಮಾತ್ರ .ಕಾನ್ಫ್ ಆಗಿರಲೇಬೇಕು. ಧ್ವನಿ.ಟಿಎಕ್ಸ್‌ಟಿ ಎಂದೋ, .ಕಾನ್ಫ್.ಬ್ಯಾಕಪ್ ಎಂದೋ ಇದ್ದರೆ ಅದನ್ನು ಯಾರೂ ಓದುವುದಿಲ್ಲ. ಒಳಗೆ ಒಂದೇ ಸಾಲು:

ಆಪ್ಷನ್ಸ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಪವರ್_ಸೇವ್=0

ಸಮಚಿಹ್ನೆಯ ಎರಡೂ ಬದಿ ಖಾಲಿ ಜಾಗ ಬಿಡಬೇಡಿ. ಬಿಟ್ಟರೆ ಒಂದು ಮೌಲ್ಯ ಮೂರು ತುಂಡಾಗುತ್ತದೆ. ಒಂದೇ ಮಾಡ್ಯೂಲಿನ ಹಲವು ಪ್ಯಾರಾಮೀಟರುಗಳನ್ನು ಒಂದೇ ಸಾಲಿನಲ್ಲಿ ಖಾಲಿ ಜಾಗದಿಂದ ಬೇರ್ಪಡಿಸಿ ಬರೆಯಬಹುದು. /ಯುಎಸ್‌ಆರ್/ಲಿಬ್/ಮಾಡ್‌ಪ್ರೋಬ್.ಡಿ/ ಒಳಗಿನ ಫೈಲುಗಳನ್ನು ತಿದ್ದಬೇಡಿ. ಅವು ಪ್ಯಾಕೇಜಿನ ಸ್ವತ್ತು, ಮುಂದಿನ ಅಪ್‌ಡೇಟ್ ನಿಮ್ಮ ಬರಹವನ್ನು ಒರೆಸಿಹಾಕುತ್ತದೆ. ಅಲ್ಲಿನದನ್ನು ಮೀರಬೇಕಾದರೆ ಅದೇ ಹೆಸರಿನ ಫೈಲನ್ನು /ಇಟಿಸಿ ಕೆಳಗೆ ಇಡಿ, ಅದು ಗೆಲ್ಲುತ್ತದೆ.

ಇದೇ ರೀತಿ ಕಾಣುವ /ಇಟಿಸಿ/ಮಾಡ್ಯೂಲ್ಸ್-ಲೋಡ್.ಡಿ/ ಎಂಬ ಇನ್ನೊಂದು ಡೈರೆಕ್ಟರಿ ಇದೆ. ಬೂಟ್ ಆಗುವಾಗ ಏನೇನು ಲೋಡ್ ಆಗಬೇಕು ಎಂಬ ಬರಿಯ ಹೆಸರುಗಳ ಪಟ್ಟಿ ಅಲ್ಲಿರುತ್ತದೆ. ಅಲ್ಲಿ ಆಪ್ಷನ್ಸ್ ಸಾಲು ಬರೆದು ದಿನಗಟ್ಟಲೆ ಕಾದವರು ಇದ್ದಾರೆ.

ರೀಬೂಟ್ ಮಾಡುವ ಮೊದಲು, ಬರೆದದ್ದನ್ನು ಮಾಡ್‌ಪ್ರೋಬ್ ಹೇಗೆ ಅರ್ಥಮಾಡಿಕೊಂಡಿದೆ ಎಂದು ಕೇಳಿ:

ಮಾಡ್‌ಪ್ರೋಬ್ --ಶೋ-ಡಿಪೆಂಡ್ಸ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್

ಕೊನೆಯ ಸಾಲಿನಲ್ಲಿ ಮಾಡ್ಯೂಲಿನ ಫೈಲ್ ಹಾದಿಯ ಮುಂದೆ ನಿಮ್ಮ ಪವರ್_ಸೇವ್=0 ಕಾಣಬೇಕು. ಕಾಣದಿದ್ದರೆ ಫೈಲಿನ ಹೆಸರು, ಮಾಡ್ಯೂಲಿನ ಹೆಸರು, ಆಪ್ಷನ್ಸ್ ಪದದ ಕೊನೆಯ ಎಸ್ ಇವನ್ನು ನೋಡಿ. ಕಂಡರೂ ಮೌಲ್ಯ ಬೇರೆಯಿದ್ದರೆ ಇನ್ನೊಂದು ಫೈಲಿನಲ್ಲಿ ಅದೇ ಪ್ಯಾರಾಮೀಟರ್ ಇದೆ. ಮಾಡ್‌ಪ್ರೋಬ್ -ಸಿ ಹೊರಹಾಕುವ ಉದ್ದ ಪಟ್ಟಿಯಲ್ಲಿ ಗ್ರೆಪ್ ಮಾಡಿದರೆ ಸಿಕ್ಕಿಬೀಳುತ್ತದೆ.

## ಹಂತ 6: ಇನಿಟ್‌ರಾಮ್‌ಎಫ್‌ಎಸ್ ಅನ್ನು ಹೊಸದಾಗಿ ಕಟ್ಟಿ

ಎಲ್ಲರೂ ಬೀಳುವ ಗುಂಡಿ ಇದು. ಯಂತ್ರ ಎದ್ದಾಗ ಕರ್ನೆಲಿಗೆ ನಿಮ್ಮ ಡಿಸ್ಕ್ ಇನ್ನೂ ಕಾಣುವುದಿಲ್ಲ. ಡಿಸ್ಕನ್ನು ತೆರೆಯಲು ಬೇಕಾದ ಮಾಡ್ಯೂಲುಗಳನ್ನೂ ಒಂದಿಷ್ಟು ಸೆಟ್ಟಿಂಗ್ ಫೈಲುಗಳನ್ನೂ ಕಟ್ಟಿಟ್ಟ ಬುತ್ತಿಯೊಂದನ್ನು ಬೂಟ್‌ಲೋಡರ್ (ಕರ್ನೆಲನ್ನು ಎಬ್ಬಿಸುವ, ಗ್ರಬ್‌ನಂಥ ಪ್ರೋಗ್ರಾಂ) ಅದರ ಕೈಗೆ ಕೊಡುತ್ತದೆ. ಆ ಬುತ್ತಿಯೇ ಇನಿಟ್‌ರಾಮ್‌ಎಫ್‌ಎಸ್. ಅದರೊಳಗಿರುವುದು ಮಾಡ್‌ಪ್ರೋಬ್.ಡಿ ಡೈರೆಕ್ಟರಿಯ ಪ್ರತಿ, ಬುತ್ತಿ ಕಟ್ಟಿದ ದಿನದ ಪ್ರತಿ. ನೀವು ಇಂದು ಡಿಸ್ಕಿನ ಮೇಲೆ ಬರೆದ ಸಾಲು ಅದರಲ್ಲಿಲ್ಲ. ಅಲ್ಲಿಂದಲೇ ಲೋಡ್ ಆಗುವ ಮಾಡ್ಯೂಲ್ ಹಳೆಯ ಮೌಲ್ಯದೊಂದಿಗೇ ಏಳುತ್ತದೆ. ಆಮೇಲೆ ಡಿಸ್ಕ್ ತೆರೆದುಕೊಂಡಾಗ ಹೊಸ ಸಾಲು ಸಿಕ್ಕರೂ, ಮಾಡ್ಯೂಲ್ ಆಗಲೇ ಲೋಡ್ ಆಗಿದೆ.

ಡಿಸ್ಕ್, ರೂಟ್ ಕಡತವ್ಯವಸ್ಥೆ, ಗ್ರಾಫಿಕ್ಸ್ ಇವುಗಳ ಮಾಡ್ಯೂಲುಗಳು ಬುತ್ತಿಯಲ್ಲಿರುವ ಸಂಭವ ಹೆಚ್ಚು, ಧ್ವನಿಯದು ಕಡಿಮೆ. ರೂಟ್ ಜೆಡ್‌ಎಫ್‌ಎಸ್ ಮೇಲಿದ್ದರೆ ಖಂಡಿತ ಇರುತ್ತದೆ. ಅನುಮಾನವಿದ್ದರೆ ಕಟ್ಟಿಬಿಡಿ, ನಷ್ಟವೇನಿಲ್ಲ.

ಡೆಬಿಯನ್, ಉಬುಂಟು: ಸುಡೂ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು

ಫೆಡೋರಾ ಮತ್ತು ಅದರ ಬಳಗ: ಸುಡೂ ಡ್ರಾಕಟ್ -ಎಫ್

ಆರ್ಚ್: ಸುಡೂ ಎಂಕೆಇನಿಟ್‌ಸಿಪಿಐಒ -ಪಿ (ಇಲ್ಲಿ ಪಿ ದೊಡ್ಡಕ್ಷರ, ಎಂಕೆಇನಿಟ್‌ಸಿಪಿಐಒ.ಕಾನ್ಫ್ ಫೈಲಿನ, ದೊಡ್ಡಕ್ಷರದಲ್ಲೇ ಇರುವ ಹುಕ್ಸ್ ಸಾಲಿನಲ್ಲಿ ಮಾಡ್‌ಕಾನ್ಫ್ ಇಲ್ಲದಿದ್ದರೆ ಸೆಟ್ಟಿಂಗ್ ಫೈಲುಗಳು ಬುತ್ತಿಗೆ ಸೇರುವುದಿಲ್ಲ)

ಡೆಬಿಯನ್ ಬಳಗದಲ್ಲಿ ಎಲ್ಲ ಕರ್ನೆಲ್‌ಗಳಿಗೂ ಒಟ್ಟಿಗೆ ಕಟ್ಟುವ -ಕೆ ಆಲ್ ಎಂಬ ಆಯ್ಕೆಯೂ ಇದೆ. ಹೊಸ ಮೌಲ್ಯದೊಂದಿಗೆ ಒಮ್ಮೆ ಸರಿಯಾಗಿ ಬೂಟ್ ಆಗುವವರೆಗೂ ಅದನ್ನು ಬಳಸಬೇಡಿ ಎಂಬುದು ನನ್ನ ಹಟ. ಹಳೆಯ ಕರ್ನೆಲಿನ ಹಳೆಯ ಬುತ್ತಿ ಹಾಗೇ ಇದ್ದರೆ, ಏನಾದರೂ ಕೆಟ್ಟಾಗ ಬೂಟ್ ಮೆನುವಿನಲ್ಲಿ ಅದನ್ನು ಆರಿಸಿ ಒಳಗೆ ಬರಬಹುದು.

ಬುತ್ತಿಯ ಒಳಗೆ ಏನಿದೆ ಎಂದು ನೋಡಲು ಡೆಬಿಯನ್‌ನಲ್ಲಿ ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್, ಫೆಡೋರಾದಲ್ಲಿ ಎಲ್‌ಎಸ್‌ಇನಿಟ್‌ಆರ್‌ಡಿ, ಆರ್ಚ್‌ನಲ್ಲಿ ಎಲ್‌ಎಸ್‌ಇನಿಟ್‌ಸಿಪಿಐಒ ಇವೆ. ನಿಮ್ಮ ಫೈಲಿನ ಹೆಸರು ಅಲ್ಲಿ ಕಂಡರೆ ಸಾಕು.

## ಹಂತ 7: ಕರ್ನೆಲಿನೊಳಗೆ ಬೆಸೆದ ಮಾಡ್ಯೂಲ್ ಆದರೆ

ಬೆಸೆದದ್ದನ್ನು ಮಾಡ್‌ಪ್ರೋಬ್ ಲೋಡ್ ಮಾಡುವುದೇ ಇಲ್ಲ, ಹಾಗಾಗಿ ಮಾಡ್‌ಪ್ರೋಬ್.ಡಿ ಫೈಲುಗಳಿಗೆ ಅದರ ಮೇಲೆ ಹಿಡಿತವಿಲ್ಲ. ಮೌಲ್ಯವನ್ನು ಬೂಟ್‌ಲೋಡರ್ ಮೂಲಕ ಕರ್ನೆಲಿಗೇ ಹೇಳಬೇಕು. ರೂಪ ಹೀಗೆ: ಮಾಡ್ಯೂಲಿನ ಹೆಸರು, ಬಿಂದು, ಪ್ಯಾರಾಮೀಟರ್, ಸಮಚಿಹ್ನೆ, ಮೌಲ್ಯ. ನಡುವೆ ಎಲ್ಲೂ ಖಾಲಿ ಜಾಗವಿಲ್ಲ.

ಡೆಬಿಯನ್, ಉಬುಂಟುಗಳಲ್ಲಿ /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲಿನ ಜಿಆರ್‌ಯುಬಿ_ಸಿಎಂಡಿಲೈನ್_ಲಿನಕ್ಸ್_ಡೀಫಾಲ್ಟ್ ಸಾಲಿನ ಉದ್ಧರಣ ಚಿಹ್ನೆಗಳ ಒಳಗೆ (ಈ ಹೆಸರೆಲ್ಲ ದೊಡ್ಡಕ್ಷರ) ಅದನ್ನು ಸೇರಿಸಿ, ಸುಡೂ ಅಪ್‌ಡೇಟ್-ಗ್ರಬ್ ಓಡಿಸಿ. ಫೆಡೋರಾದಲ್ಲಿ ಗ್ರಬ್ಬಿ ಕಮಾಂಡಿಗೆ --ಅಪ್‌ಡೇಟ್-ಕರ್ನೆಲ್=ಆಲ್ (ಆಲ್ ದೊಡ್ಡಕ್ಷರ) ಮತ್ತು --ಆರ್ಗ್ಸ್= ಕೊಡಿ. ರೀಬೂಟ್ ನಂತರ ಕ್ಯಾಟ್ /ಪ್ರೊಕ್/ಸಿಎಂಡಿಲೈನ್ ನೋಡಿ. ಅಲ್ಲಿ ಇಲ್ಲದ್ದು ಕರ್ನೆಲಿಗೆ ತಲುಪಿಲ್ಲ, ಅಷ್ಟೇ.

## ಹಂತ 8: ರೀಬೂಟ್ ಮಾಡಿ, ಎರಡು ಸಲ ಪರಿಶೀಲಿಸಿ

ಎದ್ದ ಕೂಡಲೇ ಒಮ್ಮೆ /ಸಿಸ್ ಅಡಿಯ ಮೌಲ್ಯ ನೋಡಿ. ಹತ್ತು ನಿಮಿಷ ಬಿಟ್ಟು, ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಹಾಕಿ, ಇನ್ನೊಮ್ಮೆ ನೋಡಿ. ಮೊದಲು ಸರಿಯಿದ್ದು ಆಮೇಲೆ ಬದಲಾಗಿದ್ದರೆ ನಿಮ್ಮ ಫೈಲಿನ ತಪ್ಪಲ್ಲ. ಯಾರೋ ಬೆನ್ನಹಿಂದೆ ತಿದ್ದುತ್ತಿದ್ದಾರೆ. ಪವರ್_ಸೇವ್ ವಿಷಯದಲ್ಲಿ ಅದು ವಿದ್ಯುತ್ ಉಳಿಸುವ ಉಪಕರಣ. ಟಿಎಲ್‌ಪಿ ಇದ್ದರೆ /ಇಟಿಸಿ/ಟಿಎಲ್‌ಪಿ.ಕಾನ್ಫ್ ಫೈಲಿನಲ್ಲಿ ಸೌಂಡ್_ಪವರ್_ಸೇವ್ (ಎಲ್ಲ ದೊಡ್ಡಕ್ಷರ) ಎಂದು ಶುರುವಾಗುವ ಸಾಲುಗಳಲ್ಲಿ ಚಾರ್ಜರ್‌ಗೆ ಒಂದು, ಬ್ಯಾಟರಿಗೆ ಒಂದು ಮೌಲ್ಯವಿರುತ್ತದೆ. ಅವೆರಡನ್ನೂ ಅಲ್ಲೇ ಬದಲಿಸಬೇಕು. ಒಂದೇ ಮೌಲ್ಯವನ್ನು ಇಬ್ಬರು ಬರೆಯುವಾಗ ಕೊನೆಗೆ ಬರೆದವನದೇ ಮಾತು.

## ಡಿಎಂಇಎಸ್‌ಜಿ ಕೊಡುವ ಸೂಚನೆಗಳು

ಸುಡೂ ಡಿಎಂಇಎಸ್‌ಜಿ, ಇಲ್ಲವೇ ಜರ್ನಲ್‌ಸಿಟಿಎಲ್ -ಕೆ -ಬಿ ಹೊರಹಾಕುವ ಕರ್ನೆಲ್ ಸಂದೇಶಗಳಲ್ಲಿ ಮಾಡ್ಯೂಲಿನ ಹೆಸರನ್ನು ಹುಡುಕಿ.

ಅಪರಿಚಿತ ಪ್ಯಾರಾಮೀಟರ್, ನಿರ್ಲಕ್ಷಿಸಲಾಗಿದೆ ಎಂಬರ್ಥದ ಸಾಲು ಕಂಡರೆ ಹೆಸರು ತಪ್ಪಾಗಿದೆ, ಅಥವಾ ಹೊಸ ಕರ್ನೆಲಿನಲ್ಲಿ ಆ ಪ್ಯಾರಾಮೀಟರ್ ಉಳಿದಿಲ್ಲ. ಮಾಡ್ಯೂಲ್ ಮಾತ್ರ ಲೋಡ್ ಆಗಿರುತ್ತದೆ, ಆದ್ದರಿಂದ ಗಮನಕ್ಕೆ ಬರುವುದಿಲ್ಲ. ಪ್ರತಿ ದೊಡ್ಡ ಕರ್ನೆಲ್ ಅಪ್‌ಡೇಟ್ ನಂತರ ಇದೊಂದನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಮೌಲ್ಯ ಅಮಾನ್ಯ ಎಂದರೆ ಬಗೆ ತಪ್ಪಿದೆ: ಪೂರ್ಣಾಂಕದ ಜಾಗದಲ್ಲಿ ಅಕ್ಷರ ಬಿದ್ದಿರಬಹುದು. ಇದು ಮೇಲಿನದಕ್ಕಿಂತ ಗಂಭೀರ, ಮಾಡ್ಯೂಲ್ ಲೋಡ್ ಆಗುವುದೇ ಇಲ್ಲ. ಡಿಸ್ಕಿನ ಮಾಡ್ಯೂಲಿಗೆ ಹೀಗಾದರೆ ಯಂತ್ರ ಬೂಟ್ ಆಗುವುದಿಲ್ಲ.

ಅಪಾಯಕಾರಿ ಆಯ್ಕೆ, ಕರ್ನೆಲ್ ಕಳಂಕಿತ ಎಂಬ ಸಾಲು ಬಂದರೆ, ಪ್ರಯೋಗಕ್ಕೆಂದು ಮಾತ್ರ ಇಟ್ಟ ಪ್ಯಾರಾಮೀಟರನ್ನು ಮುಟ್ಟಿದ್ದೀರಿ. ಗ್ರಾಫಿಕ್ಸ್ ಮಾಡ್ಯೂಲುಗಳಲ್ಲಿ ಇದು ಹೆಚ್ಚು. ಯಂತ್ರ ಓಡುತ್ತದೆ, ಆದರೆ ಮುಂದೆ ಬರುವ ವಿಚಿತ್ರ ತೊಂದರೆಗಳಿಗೆಲ್ಲ ಮೊದಲ ಆರೋಪಿ ಅದೇ.

## ಬೂಟ್ ಆಗದೆ ನಿಂತರೆ

ಗ್ರಬ್ ಮೆನುವಿನಲ್ಲಿ ಹಳೆಯ ಕರ್ನೆಲ್ ಆರಿಸಿ ನೋಡಿ. ಆರನೆಯ ಹಂತದಲ್ಲಿ ಅದರ ಬುತ್ತಿಯನ್ನು ಮುಟ್ಟದೆ ಬಿಟ್ಟಿದ್ದರೆ ಇಷ್ಟೇ ಸಾಕಾಗಬಹುದು. ಸಾಲದಿದ್ದರೆ ಮೆನುವಿನ ಆ ಸಾಲಿನ ಮೇಲೆ ಇ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಮಾಡ್‌ಪ್ರೋಬ್.ಬ್ಲ್ಯಾಕ್‌ಲಿಸ್ಟ್= ಮತ್ತು ತೊಂದರೆ ಕೊಡುತ್ತಿರುವ ಮಾಡ್ಯೂಲಿನ ಹೆಸರು ಸೇರಿಸಿ, ಕಂಟ್ರೋಲ್ ಜೊತೆ ಎಕ್ಸ್ ಅಥವಾ ಎಫ್10 ಒತ್ತಿ. ಏಳನೆಯ ಹಂತದಲ್ಲಿ ಸೇರಿಸಿದ್ದು ಕೆಡಿಸಿದ್ದರೆ ಅದನ್ನು ಅದೇ ಸಾಲಿನಿಂದ ಅಳಿಸಿ. ಈ ತಿದ್ದುಪಡಿ ಆ ಒಂದು ಬೂಟ್‌ಗೆ ಮಾತ್ರ. ರೂಟ್ ಡಿಸ್ಕಿನ ಮಾಡ್ಯೂಲನ್ನು ಮಾತ್ರ ಹೀಗೆ ತಡೆಯಬೇಡಿ, ಅದಿಲ್ಲದೆ ಯಂತ್ರ ಏಳುವುದೇ ಇಲ್ಲ. ಅಂಥ ಸಂದರ್ಭಕ್ಕೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಡಿಸ್ಕನ್ನು ಮೌಂಟ್ ಮಾಡಬೇಕು.

ಒಳಗೆ ಬಂದ ಮೇಲೆ /ಇಟಿಸಿ/ಮಾಡ್‌ಪ್ರೋಬ್.ಡಿ/ ಒಳಗಿನ ನಿಮ್ಮ ಫೈಲನ್ನು ಅಳಿಸಿ ಅಥವಾ ಸರಿಪಡಿಸಿ. ತಕ್ಷಣವೇ, ಕೆಟ್ಟುನಿಂತ ಆ ಕರ್ನೆಲಿನ ಬುತ್ತಿಯನ್ನು ಮತ್ತೆ ಕಟ್ಟಿ. ಹಳೆಯ ಕರ್ನೆಲಿನಿಂದ ಒಳಬಂದಿದ್ದರೆ ಡ್ರಾಕಟ್ -ಎಫ್ ಕಟ್ಟುವುದು ಈಗ ಓಡುತ್ತಿರುವ ಹಳೆಯದರ ಬುತ್ತಿಯನ್ನು; ಕೆಟ್ಟದ್ದರ ಆವೃತ್ತಿಯನ್ನು --ಕೆವರ್ ಆಯ್ಕೆಯಿಂದ ಹೇಳಬೇಕು. ಫೈಲನ್ನಷ್ಟೇ ತಿದ್ದಿ ಇದನ್ನು ಮರೆತರೆ, ಮುಂದಿನ ಬೂಟ್‌ನಲ್ಲಿ ಬುತ್ತಿಯೊಳಗಿನ ಅದೇ ಕೆಟ್ಟ ಸಾಲು ಮತ್ತೆ ಎದುರಾಗುತ್ತದೆ.